ಬೇಸ್ ಗಿಟಾರ್‌ಗೆ ಯಾವ ಆಂಪ್ಲಿಫೈಯರ್?

ಪ್ರಶ್ನೆ: 8 ಓಮ್, 300 ವಾಟ್‌ನ ಸ್ಪೀಕರ್ ಕ್ಯಾಬಿನೆಟ್ ಇದೆ. ಕಡಿಮೆ ಖರ್ಚಿನಲ್ಲಿ, ನಂಬಿಕೆಗೆ ಅರ್ಹವಾದ ಆಂಪ್ಲಿಫೈಯರ್ ಆರಿಸುವುದು ಹೇಗೆ?

ಉತ್ತರ: ವಾಟ್‌ಗಿಂತ ಮೊದಲು ನೋಡಬೇಕಾದದ್ದು ಓಮ್. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಹಿಂಭಾಗದಲ್ಲಿ ‘ಕನಿಷ್ಠ 4 ಓಮ್’ ಎಂದಿದ್ದರೆ 8 ಓಮ್ ಕ್ಯಾಬಿನೆಟ್ಟನ್ನು ಧೈರ್ಯವಾಗಿ ಜೋಡಿಸಬಹುದು. ಆದರೆ ಶಕ್ತಿ ಪೂರ್ತಿ ಸಿಗದು. ಗ್ಯಾಲಿಯನ್-ಕ್ರೂಗರ್ ಕಂಪನಿಯ ಎಂಬಿ200 ಮಾದರಿ 4 ಓಮ್‌ಗೆ 200 ವಾಟ್ ಕೊಟ್ಟರೆ, 8 ಓಮ್‌ಗೆ ಕೊಡುವುದು 140 ವಾಟ್. ಮುಂದೆ ಇಂಥದ್ದೇ ಇನ್ನೊಂದು ಕ್ಯಾಬಿನೆಟ್ ಸಮಾಂತರವಾಗಿ ಸೇರಿಸಿದರೆ ಒಟ್ಟು 4 ಓಮ್ ಆಗುತ್ತದೆ, ಮೂರನೆಯದಕ್ಕೆ ಜಾಗವಿಲ್ಲ.

ವಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ, ಹೆಚ್ಚುವುದು 3 ಡೆಸಿಬಲ್ ಮಾತ್ರ. ಹಾಗಾಗಿ ದೊಡ್ಡ ಅಂಕಿಗೆ ಮರುಳಾಗಿ ದುಡ್ಡು ಸುರಿಯಬೇಕಿಲ್ಲ. ಆದರೂ ಬೇಸ್‌ನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್‌ನದು. ಅಷ್ಟು ತಗ್ಗಿನ ನಾದಕ್ಕೆ ಗಿಟಾರ್‌ಗಿಂತ ಹೆಚ್ಚು ಶಕ್ತಿ ಬೇಕೇ ಬೇಕು.

1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವಾಟ್‌ನ ವಾಲ್ವ್ ಯಂತ್ರ; ಎತ್ತಲು ಇಬ್ಬರು ಬೇಕು. ಇಂದಿನ ‘ಕ್ಲಾಸ್ ಡಿ’ ಆಂಪ್ಲಿಫೈಯರ್‌ಗಳು ಚೀಲದಲ್ಲೇ ಹಿಡಿಸುತ್ತವೆ, ಬಿಸಿಯೂ ಕಡಿಮೆ. ಮಿತ ಬಜೆಟ್ಟಿಗೆ ಇವೇ ಸರಿ.

ಹಳೆಯದನ್ನು ಕೊಳ್ಳುವವರು ಅರ್ಧ ಗಂಟೆ ಜೋರಾಗಿ ನುಡಿಸಿ, ಪ್ರತಿ ಗುಂಡಿ ತಿರುಗಿಸಿ, ಫ್ಯಾನ್ ಸುತ್ತುತ್ತದೆಯೇ ನೋಡಬೇಕು. ಕ್ಯಾಬಿನೆಟ್ಟಿಗೆ ಗಿಟಾರ್ ಕೇಬಲ್ ಬೇಡ, ಸ್ಪೀಕರ್ ಕೇಬಲನ್ನೇ ಬಳಸಿ.