ಕತೆಗಾರ ಕಟ್ಟಿದ ಮರಳುಗಾಡು

ಮರುಭೂಮಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರ ಬಹುಮಟ್ಟಿಗೆ ಒಂದೇ: ದೃಷ್ಟಿ ಹಾಯುವವರೆಗೂ ಹೊಂಬಣ್ಣದ ಮರಳು, ಸಾಲಾಗಿ ಸಾಗುವ ನಾಲ್ಕಾರು ಒಂಟೆಗಳು, ದೂರದಲ್ಲೊಂದು ಖರ್ಜೂರದ ತೋಪು. ಇದು ಕ್ಯಾಲೆಂಡರುಗಳೂ ಚಲಚ್ಚಿತ್ರಗಳೂ ನಮಗೆ ಕಲಿಸಿದ ಪಾಠ. ಭೂಗೋಳಶಾಸ್ತ್ರವು ಹೇಳುವುದು ಬೇರೆ. ಜಗತ್ತಿನ ಮರುಭೂಮಿಗಳಲ್ಲಿ ಮರಳು ಹೊದ್ದ ನೆಲ ಸುಮಾರು ಐದರಲ್ಲೊಂದು ಪಾಲು. ಸಹಾರಾದಲ್ಲಿಯೂ ಅದು ಕಾಲುಭಾಗದಷ್ಟೇ. ಉಳಿದದ್ದು ಕಲ್ಲುಬಯಲು, ಬೋಳುಬೆಟ್ಟ, ಉಪ್ಪಿನ ಹರಹು. ಹಿಮ ಮುಚ್ಚಿದ ಅಂಟಾರ್ಕ್ಟಿಕವೂ ಶಾಸ್ತ್ರಜ್ಞರ ಲೆಕ್ಕದಲ್ಲಿ ಮರುಭೂಮಿಯೇ. ಮಳೆ ಎಲ್ಲಿ ಬೀಳದೋ ಅದೇ ಮರುಭೂಮಿ.

ಇಲ್ಲದ ಲೋಕವೊಂದನ್ನು ಕಲ್ಪಿಸಿ ಅಲ್ಲೊಂದು ಮರುಭೂಮಿಯನ್ನು ಹಾಸಲು ಹೊರಟ ಕತೆಗಾರರಲ್ಲಿ ಹೆಚ್ಚಿನವರು ಮರಳಿನಿಂದ ತೊಡಗುತ್ತಾರೆ. ನೀರಿನಿಂದ ತೊಡಗಿದವನೊಬ್ಬನಿದ್ದಾನೆ, ಅಮೆರಿಕದ ಫ್ರ್ಯಾಂಕ್ ಹರ್ಬರ್ಟ್. ಆತನ ‘ಡ್ಯೂನ್’ ಕಾದಂಬರಿ ಹೊರಬಂದದ್ದು ೧೯೬೫ರಲ್ಲಿ. ಅದಕ್ಕೂ ಮೊದಲು ಅದರ ಕಥೆ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತ್ತು ಎಂಬುದು, ಪ್ರತಿ ವಾರವೂ ‘ಮುಂದೇನಾಯಿತು?’ ಎಂದು ಕಾದು ಕೂರುವ ನಮ್ಮ ಓದುಗರಿಗೆ ಹಿತವಾದ ಸುದ್ದಿಯೇ ಸರಿ. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಹಸ್ತಪ್ರತಿಯನ್ನು ಹಿಂತಿರುಗಿಸಿದ ಮೇಲೆ ಅದನ್ನು ಅಚ್ಚುಮಾಡಿದವರು, ಮೋಟಾರು ರಿಪೇರಿಯ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಸಂಸ್ಥೆಯವರು!

ಹರ್ಬರ್ಟ್ ವೃತ್ತಿಯಿಂದ ಪತ್ರಕರ್ತ. ೧೯೫೭ರಲ್ಲಿ ಆತನು ಆರೆಗಾನ್ ರಾಜ್ಯದ ಫ್ಲಾರೆನ್ಸ್ ಎಂಬ ಊರಿಗೆ ಲೇಖನವೊಂದನ್ನು ಬರೆಯುವುದಕ್ಕಾಗಿ ಹೋದನು. ಅಲ್ಲಿ ಪೆಸಿಫಿಕ್ ಸಾಗರದ ದಡದುದ್ದಕ್ಕೂ ಮರಳಿನ ದಿಬ್ಬಗಳು. ಅವು ನಿಂತಲ್ಲಿ ನಿಲ್ಲದೆ ರಸ್ತೆಗಳ ಮೇಲೆ, ಮನೆಗಳ ಮೇಲೆ ಏರಿ ಬರುತ್ತಿದ್ದವು. ತಲಕಾಡಿನಲ್ಲಿ ಮರಳು ಗುಡಿಗಳನ್ನು ಹೂತು ಕುಳಿತಿರುವ ಬಗೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗಾಳಿಯಲ್ಲಿ ಮರಳು ಧೂಳಿನಂತೆ ತೇಲುವುದಿಲ್ಲ. ಕಣಗಳು ನೆಲಕ್ಕೆ ಬಡಿದು, ಪುಟಿದು, ಮತ್ತೆ ಬಡಿದು, ಕಪ್ಪೆಯಂತೆ ಕುಪ್ಪಳಿಸುತ್ತ ಸಾಗುತ್ತವೆ. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಲಿಬಿಯದ ಮರುಭೂಮಿಯಲ್ಲಿ ಮೋಟಾರು ಓಡಿಸಿ, ಬಳಿಕ ಪ್ರಯೋಗಗಳನ್ನೂ ನಡೆಸಿ, ೧೯೪೧ರಲ್ಲಿ ಈ ವಿಚಾರವನ್ನೆಲ್ಲ ಗ್ರಂಥವಾಗಿ ಬರೆದನು. ಕಣಗಳು ಗಾಳಿಯ ಕಡೆಯ ಇಳಿಜಾರನ್ನು ಮೆಲ್ಲನೆ ಹತ್ತಿ, ನೆತ್ತಿಯನ್ನು ದಾಟಿ, ಆಚೆಯ ಕಡಿದಾದ ಮಗ್ಗುಲಲ್ಲಿ ಜಾರಿ ಬೀಳುತ್ತವೆ. ಹೀಗೆ ಇಡೀ ದಿಬ್ಬವೇ ಮುಂದಕ್ಕೆ ನಡೆಯುತ್ತದೆ.

ಆರೆಗಾನಿನಲ್ಲಿ ಈ ನಡಿಗೆಯನ್ನು ತಡೆಯಲು ಸರ್ಕಾರದ ಕೃಷಿ ಇಲಾಖೆಯವರು ಯುರೋಪಿನ ಕಡಲತೀರದ ಒಂದು ಜಾತಿಯ ಹುಲ್ಲನ್ನು ನೆಡಿಸಿದ್ದರು. ಮರಳು ಮೇಲೆ ಬಿದ್ದಷ್ಟೂ ಅದನ್ನು ಸೀಳಿಕೊಂಡು ಮೇಲೇಳುವ ಹಟಮಾರಿ ಹುಲ್ಲು ಅದು. ಹರ್ಬರ್ಟ್ ಬರೆಯಬೇಕೆಂದಿದ್ದ ಲೇಖನ ಅಚ್ಚಾಗಲೇ ಇಲ್ಲ. ಆದರೆ ಮರಳು, ನೀರು, ಹುಲ್ಲು, ಮನುಷ್ಯ ಈ ನಾಲ್ಕರ ಲೆಕ್ಕಾಚಾರ ಆತನ ತಲೆಯನ್ನು ಹೊಕ್ಕು ವರ್ಷಗಟ್ಟಲೆ ಕಾಡಿತು. ಮುಂದೆ ಕಾದಂಬರಿಯನ್ನು ಆತನು ಒಣನೆಲದ ಪರಿಸರವನ್ನು ಅಭ್ಯಸಿಸುವ ವಿಜ್ಞಾನಿಗಳಿಗೇ ಅರ್ಪಿಸಿದನು.

ಆತನು ಕಲ್ಪಿಸಿದ ಗ್ರಹದ ಹೆಸರು ಅರ‍್ರಾಕಿಸ್. ಅಲ್ಲಿ ಮಳೆಯೇ ಇಲ್ಲ. ಮಳೆಯಿಲ್ಲವೆಂದ ಮೇಲೆ ಗಿಡಮರಗಳು ಬಹು ವಿರಳ. ಗಿಡಮರಗಳಿಲ್ಲದಿದ್ದರೆ ಉಸಿರಾಡಲು ಆಮ್ಲಜನಕವೆಲ್ಲಿಂದ ಬರಬೇಕು? ಸಾಧಾರಣ ಕತೆಗಾರನು ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಹರ್ಬರ್ಟ್ ಕೇಳಿಕೊಂಡನು, ಮರಳಿನೊಳಗೆ ಸಂಚರಿಸುವ ನೂರಾರು ಗಜ ಉದ್ದದ ಮಹಾಹುಳುಗಳ ಒಡಲಿನಿಂದ ಅದು ಹೊಮ್ಮುವುದೆಂದು ಉತ್ತರವನ್ನೂ ಒದಗಿಸಿದನು. ಆ ಹುಳುವಿಗೆ ನೀರೇ ವಿಷ. ಅದರ ಮರಿಗಳು ನೀರನ್ನು ನೆಲದಾಳದಲ್ಲಿ ಸೆರೆಹಿಡಿದಿಡುತ್ತವೆ. ಇಡೀ ವಿಶ್ವವೇ ಹಂಬಲಿಸುವ, ಬೇರೆಲ್ಲಿಯೂ ದೊರೆಯದ ಒಂದು ಸಾಂಬಾರದ್ರವ್ಯವೂ ಈ ಹುಳುಗಳ ಜೀವನಕ್ರಮದಿಂದಲೇ ಹುಟ್ಟುವಂಥದು. ಒಂದು ಎಳೆಯನ್ನು ಎಳೆದರೆ ಬಟ್ಟೆಯೆಲ್ಲ ಬಿಚ್ಚಿಕೊಳ್ಳುವಂತೆ ಆತನು ಆ ಲೋಕವನ್ನು ನೇಯ್ದಿದ್ದಾನೆ.

ನನಗೆ ಇದಕ್ಕಿಂತ ಹಿಡಿಸಿದ್ದು ಅಲ್ಲಿಯ ಜನರ ನಡೆನುಡಿ. ಮರುಭೂಮಿಯ ನಾಯಕನೊಬ್ಬನು ಡ್ಯೂಕನ ಸಭೆಗೆ ಬಂದು, ಆತನ ಮುಂದಿನ ಮೇಜಿನ ಮೇಲೆ ಉಗುಳುತ್ತಾನೆ. ಸಭೆಯವರು ಕೆರಳುತ್ತಾರೆ. ಆ ಜನರ ರೀತಿನೀತಿಯನ್ನು ಬಲ್ಲ ಸೇವಕನೊಬ್ಬನು ಎಲ್ಲರನ್ನೂ ತಡೆದು, ಕೃತಜ್ಞತೆಯನ್ನು ಹೇಳಿ, ತಾನೂ ಉಗುಳುತ್ತಾನೆ. ಮೈಯ ತೇವವನ್ನೇ ಕಾಣಿಕೆಯಾಗಿ ಕೊಡುವುದಕ್ಕಿಂತ ಮಿಗಿಲಾದ ಮರ್ಯಾದೆ ಅಲ್ಲಿಲ್ಲ! ಸತ್ತವನ ದೇಹದ ನೀರು ಅಲ್ಲಿ ಕುಲದ ಸೊತ್ತು. ಕಥಾನಾಯಕನು ತನ್ನ ಕೈಯಿಂದಲೇ ಮಡಿದವನಿಗಾಗಿ ಕಣ್ಣೀರು ಸುರಿಸಿದಾಗ ನೆರೆದ ಜನ ಬೆರಗಾಗಿ ನಿಲ್ಲುತ್ತಾರೆ. ದುಂದುಗಾರನನ್ನು ಕಂಡು ‘ಹಣವನ್ನು ನೀರಿನಂತೆ ಖರ್ಚುಮಾಡುತ್ತಾನೆ’ ಎನ್ನುತ್ತೇವಲ್ಲ, ಆ ಮಾತನ್ನು ಅಲ್ಲಿ ಆಡಿದರೆ ಕಡುಲೋಭಿಯೆಂದೇ ಅರ್ಥವಾದೀತು. ಸ್ವಾತಿ, ಆರಿದ್ರೆ ಎಂದು ನಕ್ಷತ್ರಕ್ಕೊಂದು ಮಳೆಯ ಹೆಸರಿಟ್ಟುಕೊಂಡವರು ನಾವು. ನೆಲವು ಬದಲಾದರೆ ನುಡಿಗಟ್ಟೂ ಬದಲಾಗಬೇಕು. ಲೋಕವನ್ನು ಕಟ್ಟುವವನು ಇದನ್ನು ಮರೆತರೆ, ಬೆಂಗಳೂರಿನ ಮಹಾಶಯನೊಬ್ಬನನ್ನು ಒಂಟೆಯ ಮೇಲೆ ಕೂರಿಸಿದಂತಾಗುತ್ತದೆ.

ಕಟ್ಟಡದಲ್ಲಿ ಬಿರುಕುಗಳಿಲ್ಲವೆಂದಲ್ಲ. ಅಲ್ಲಿಯ ಜನ ತೊಡುವ ಉಡುಪು ಬೆವರನ್ನೆಲ್ಲ ಹಿಡಿದು, ಶೋಧಿಸಿ, ಕುಡಿಯುವ ನೀರಾಗಿಸಿ ಹಿಂದಕ್ಕೆ ಕೊಡುತ್ತದೆಯಂತೆ. ಬೆವರು ಆವಿಯಾಗಿ ಹೊರಕ್ಕೆ ಹೋದರಲ್ಲವೇ ಮೈ ತಂಪಾಗುವುದು? ಹಿಡಿದಿಟ್ಟ ಶಾಖ ಎಲ್ಲಿಗೆ ಹೋಗಬೇಕು? ಭೌತಶಾಸ್ತ್ರವನ್ನು ಬಲ್ಲವರು ಈ ಆಕ್ಷೇಪವನ್ನು ಎತ್ತದೆ ಬಿಟ್ಟಿಲ್ಲ. ಕತೆಯ ಓಟದಲ್ಲಿ ಓದುಗನಿಗೆ ಇದು ಹೊಳೆಯುವುದಿಲ್ಲವೆಂಬುದೂ ನಿಜ.

ಅರ‍್ರಾಕಿಸ್‌ನಲ್ಲಿಯೂ ಒಬ್ಬ ವಿಜ್ಞಾನಿ ಹುಲ್ಲು ನೆಡಿಸುತ್ತಾನೆ. ಗಾಳಿಗೆ ಮರೆಯಾದ ದಿಬ್ಬದ ಮಗ್ಗುಲಲ್ಲಿ ಮೊದಲು ಬಡಹುಲ್ಲು, ಬಳಿಕ ಪೊದೆ, ಬಳಿಕ ಮರ. ಮುನ್ನೂರರಿಂದ ಐನೂರು ವರ್ಷಗಳಲ್ಲಿ ಗ್ರಹವು ಹಸಿರಾಗುವುದೆಂದು ಆತನ ಲೆಕ್ಕ. ಆ ದಿನವನ್ನು ತಾವು ಕಾಣಲಾರೆವೆಂದು ಬಲ್ಲ ಜನರು ಹನಿಹನಿಯಾಗಿ ನೀರನ್ನು ಕೂಡಿಡುತ್ತಾರೆ. ೧೯೮೧ರಲ್ಲಿ ಬಂದ ನಾಲ್ಕನೆಯ ಕಾದಂಬರಿಯ ಹೊತ್ತಿಗೆ ನದಿಗಳು ಹರಿದಿವೆ, ಕಾಡು ಬೆಳೆದಿದೆ; ಮಹಾಹುಳುಗಳು ಇಲ್ಲವಾಗಿವೆ. ಮರುಭೂಮಿಯ ವೀರರ ವಂಶಸ್ಥರು ನೋಡಬಂದವರ ಮುಂದೆ ಹಳೆಯ ಆಚಾರಗಳನ್ನು ಆಡಿ ತೋರಿಸುವ ಗೊಂಬೆಗಳಾಗಿದ್ದಾರೆ.

ಹರ್ಬರ್ಟ್ ೧೯೮೬ರಲ್ಲಿ ತೀರಿಕೊಂಡನು. ಅತ್ತ ಆರೆಗಾನಿನ ಹುಲ್ಲು ತನ್ನ ಕೆಲಸವನ್ನು ನಿಲ್ಲಿಸಿರಲಿಲ್ಲ. ನೆಟ್ಟವರು ಎಣಿಸಿದ್ದಕ್ಕಿಂತಲೂ ದೂರ ಹಬ್ಬಿ, ತೆರೆದ ಮರಳನ್ನೆಲ್ಲ ಆವರಿಸಿತು. ಅದರ ಹಿಂದೆಯೇ ಪೊದೆಯೂ ಮರವೂ ಬೆಳೆದವು. ಬರಿಯ ಮರಳಿನಲ್ಲಿ ಮೊಟ್ಟೆಯಿಡುವ ಪ್ಲೋವರ್ ಎಂಬ ಪುಟ್ಟ ಹಕ್ಕಿಗೆ ನೆಲೆಯೇ ಇಲ್ಲದಂತಾಗಿ, ೧೯೯೩ರಲ್ಲಿ ಅದನ್ನು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಒಂದು ಕಾಲಕ್ಕೆ ದಿಬ್ಬಗಳನ್ನು ತಡೆದು ನಿಲ್ಲಿಸಿದರೆಂದು ಹೊಗಳಿಸಿಕೊಂಡ ಆ ದಡದಲ್ಲಿ ಈಗ ಯಂತ್ರಗಳಿಂದಲೂ ಬರಿಗೈಯಿಂದಲೂ ಹುಲ್ಲನ್ನು ಕಿತ್ತು, ಮರಳಿಗೆ ಮತ್ತೆ ನಡೆಯಲು ದಾರಿಮಾಡಿಕೊಡುತ್ತಿದ್ದಾರೆ.