ಹಿಮ್ಮುಖವಾಗಿ ಸಾಗುವ ಸಾಲು

ಶಹಾಪುರದಿಂದ ಸುರಪುರದ ಕಡೆ ಹೊರಟ ರಸ್ತೆಯಲ್ಲಿ ಆಗಸ್ಟ್ ತಿಂಗಳ ಬೆಳಗಿನ ಆರರ ಹೊತ್ತಿಗೆ ಬಸ್ಸುಗಳಿಗಿಂತ ಟಂಟಂಗಳ ಸದ್ದೇ ಜಾಸ್ತಿ. ಐದಾರು ಮಂದಿ ಕೂರುವಲ್ಲಿ ಹನ್ನೆರಡು ಮಂದಿ ಹೆಣ್ಣುಮಕ್ಕಳು. ಒಳಗೆ ಜಾಗ ಸಾಲದವರು ಹಿಂದಿನ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಸೀರೆಯ ಮೇಲೆ ಗಂಡನದೋ ಮಗನದೋ ತುಂಬುತೋಳಿನ ಹಳೇ ಅಂಗಿ, ತಲೆಗೆ ಸುತ್ತಿದ ಟವೆಲ್ಲು, ತೊಡೆಯ ಮೇಲೆ ಬುತ್ತಿಗಂಟು. ಮಲಗಿದ ಬುದ್ಧನೆಂದು ಹೆಸರಾದ ಶಹಾಪುರದ ಗುಡ್ಡಸಾಲು ಇನ್ನೂ ಮೋಡದೊಳಗಿದೆ. ಟಂಟಂ ಕಾಲುವೆಯ ಏರಿಗೆ ತಿರುಗಿದ ಕೂಡಲೇ ಗಾಳಿಯ ವಾಸನೆ ಬದಲಾಗುತ್ತದೆ. ನಿನ್ನೆಯಷ್ಟೇ ನೀರುಂಡ ಎರೆಮಣ್ಣಿನ ವಾಸನೆ ಅದು, ಜೊತೆಗೆ ಒಂದಿಷ್ಟು ಡೀಸೆಲ್ಲು, ಒಂದಿಷ್ಟು ಗೊಬ್ಬರ.

ಒಡ್ಡಿನ ಮೇಲೆ ಚಪ್ಪಲಿ ಬಿಟ್ಟು ನಾವೂ ನಿಲ್ಲೋಣ. ಕಬ್ಬಿಣದ ಗಾಲಿ ತೊಡಿಸಿದ ಟ್ರ್ಯಾಕ್ಟರು ಪಕ್ಕದ ಮಡಿಯಲ್ಲಿ ಕೆಸರು ತುಳಿಯುತ್ತಿದೆ, ಅದರ ಹಿಂದೆಯೇ ಹುಳ ಆರಿಸುತ್ತ ಬೆಳ್ಳಕ್ಕಿಗಳ ಹಿಂಡು. ಆಚೆ ಸಸಿಮಡಿಯಲ್ಲಿ ಮೂವರು ಗಂಡಸರು ಸಸಿ ಕೀಳುತ್ತಿದ್ದಾರೆ. ಹಿಡಿ ಹಿಡಿಯಾಗಿ ಕಿತ್ತು, ಬೇರಿನ ಮಣ್ಣನ್ನು ನೀರಿನಲ್ಲಿ ಜಾಲಾಡಿ, ಒಂದು ಎಳೆ ಹುಲ್ಲಿನಿಂದ ಬಿಗಿದರೆ ಒಂದು ಕಟ್ಟು. ಹುಡುಗನೊಬ್ಬ ಕಟ್ಟುಗಳನ್ನು ಹೊತ್ತು ತಂದು ಒಡ್ಡಿನ ಮೇಲಿಂದ ಮಡಿಯೊಳಗೆ ಎಸೆಯುತ್ತಾನೆ. ಸುಮ್ಮನೆ ಎಸೆಯುತ್ತಾನೆ ಅಂದುಕೊಂಡರೆ ತಪ್ಪಾದೀತು. ಒಬ್ಬಾಕೆಯ ಕೈಯಲ್ಲಿನ ಕಟ್ಟು ಮುಗಿಯುವ ಹೊತ್ತಿಗೆ ಮುಂದಿನ ಕಟ್ಟು ಆಕೆಯ ಹಿಮ್ಮಡಿಯ ಹಿಂದೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಬಿದ್ದಿರಬೇಕು. ಹತ್ತಿರ ಹತ್ತಿರ ಬಿದ್ದರೆ ಕಾಲಿಗೆ ತೊಡರುತ್ತವೆ, ದೂರ ಬಿದ್ದರೆ ಒಬ್ಬಾಕೆ ಎದ್ದು ಹೋಗಬೇಕು, ಆಕೆ ಎದ್ದರೆ ಸಾಲು ಮುರಿಯುತ್ತದೆ. ಇಡೀ ದಿನ ಕೆಸರಿಗೆ ಬಗ್ಗದ ಆ ಹುಡುಗನ ತೋಳಿನ ಅಂದಾಜಿನ ಮೇಲೆ ಹನ್ನೆರಡು ಬೆನ್ನುಗಳ ಓಟ ನಿಂತಿದೆ.

ಅವರು ಇಳಿದರು. ಯಾರೂ ಯಾರಿಗೂ ಎಲ್ಲಿ ನಿಲ್ಲಬೇಕೆಂದು ಹೇಳಲಿಲ್ಲ. ಮೊಣಕಾಲವರೆಗೆ ಸೀರೆ ಎತ್ತಿ ಕಚ್ಚೆ ಬಿಗಿದು, ಮಡಿಯ ಅಗಲಕ್ಕೂ ಹರಡಿ, ಒಬ್ಬೊಬ್ಬರು ತೋಳು ಚಾಚಿದಷ್ಟು ಪಟ್ಟಿ ಹಿಡಿದು ಬಗ್ಗಿದರು. ಒಂದು ಜೋಡಿ ಕೈಯನ್ನಷ್ಟೇ ನೋಡಿ. ಕಟ್ಟು ಎಡಗೈಯಲ್ಲಿದೆ, ಎಡ ಮೊಣಕೈ ಮೊಣಕಾಲಿಗೆ ಆನಿಕೊಂಡಿದೆ. ಎಡಗೈ ಹೆಬ್ಬೆರಳು ಇಸ್ಪೀಟು ಎಲೆ ಸರಿಸುವಂತೆ ಎರಡೋ ಮೂರೋ ಸಸಿಯನ್ನು ಮುಂದಕ್ಕೆ ತಳ್ಳುತ್ತದೆ. ಬಲಗೈಯ ಮೂರು ಬೆರಳು ಅವನ್ನು ಬೇರಿನ ಬಳಿ ಹಿಡಿದು ಒಂದು ಗೆಣ್ಣಿನಷ್ಟು ಕೆಸರಿಗಿಳಿಸಿ ಬರಿದಾಗಿ ಮೇಲೆದ್ದು ಬರುತ್ತವೆ. ಪುಳಕ್ ಎಂಬ ಸಣ್ಣ ಸದ್ದು. ಮತ್ತೆ ಪುಳಕ್. ಹನ್ನೆರಡು ಕಡೆಯಿಂದ ಅದೇ ಸದ್ದು ಒಂದರ ಹಿಂದೊಂದು ಬರುವಾಗ ಮಳೆ ಶುರುವಾಯಿತೇನೋ ಎಂದು ಒಮ್ಮೆ ತಲೆಯೆತ್ತಿ ನೋಡುವಂತಾಗುತ್ತದೆ. ನೆಟ್ಟದ್ದು ಕಣ್ಣ ಮುಂದೆ ಉಳಿಯುತ್ತದೆ, ಅವರು ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಗುತ್ತಾರೆ. ತಾನೆತ್ತ ಹೋಗುತ್ತಿದ್ದೇನೆ ಎಂಬುದು ಯಾರಿಗೂ ಕಾಣುವುದಿಲ್ಲ. ಪಕ್ಕದಾಕೆ ಎಲ್ಲಿದ್ದಾಳೆ ಎಂಬುದು ಮಾತ್ರ ಕಾಣುತ್ತದೆ, ಸಾಲು ನೆಟ್ಟಗಿರುವುದು ಅದರಿಂದಲೇ.

ಶಿಫಾರಸಿನ ಪ್ರಕಾರ ಸಾಲಿಂದ ಸಾಲಿಗೆ 20 ಸೆಂಟಿಮೀಟರ್, ಗುಣಿಯಿಂದ ಗುಣಿಗೆ 10. ಅಂದರೆ ಒಂದು ಚದರ ಮೀಟರಿಗೆ 50 ಗುಣಿ, ಎಕರೆಗೆ ಎರಡು ಲಕ್ಷದ ಮೇಲೆ. ಹನ್ನೆರಡು ಮಂದಿಗೆ ಹಂಚಿದರೆ ತಲಾ ಹದಿನೇಳು ಸಾವಿರ. ಒಂದೂವರೆ ಸೆಕೆಂಡಿಗೆ ಒಂದರಂತೆ ಎಡೆಬಿಡದೆ ಊರಿದರೂ ಏಳು ತಾಸು ಬೇಕು. ಈ ಲೆಕ್ಕ ನೆನಪಿನಲ್ಲಿರಲಿ, ಮಧ್ಯಾಹ್ನದ ಜಗಳಕ್ಕೆ ಬೇಕಾಗುತ್ತದೆ.

ಸಾಲಿನಲ್ಲಿ ಯಾರು ಎಲ್ಲಿದ್ದಾರೆ ಎಂದು ಈಗ ನಿಧಾನವಾಗಿ ನೋಡಬಹುದು. ಒಡ್ಡು ಡೊಂಕಾಗಿರುವ ಬದಿಯ ತುದಿಯಲ್ಲಿ ಇರುವಾಕೆಗೆ ಐವತ್ತರ ಆಸುಪಾಸು. ಡೊಂಕು ಬದಿಯಲ್ಲಿ ಪಟ್ಟಿಯ ಅಗಲ ಹೆಜ್ಜೆಗೊಮ್ಮೆ ಬದಲಾಗುತ್ತದೆ, ಅಲ್ಲಿ ನಿಂತವರಿಗೆ ಕೆಲಸವೂ ಹೆಚ್ಚು, ಲೆಕ್ಕಾಚಾರವೂ ಹೆಚ್ಚು. ಸಾವ್ಕಾರರ ಹತ್ತಿರ ಮಾತಾಡಿ ಕೆಲಸ ಗುತ್ತಿಗೆ ಹಿಡಿದಾಕೆ ಈಕೆಯೇ. ಎಲ್ಲರಿಗೂ ‘ಯಕ್ಕ’. ಇನ್ನೊಂದು ತುದಿಯಲ್ಲಿ ಗುಂಪಿನಲ್ಲೇ ಚುರುಕಿನ ಕೈಯಾಕೆ. ನಿಧಾನದವರು, ಮೈಯಲ್ಲಿ ಹುಷಾರಿಲ್ಲದವರು, ಈ ವರ್ಷವೇ ಕೆಸರಿಗಿಳಿದ ಹದಿನೆಂಟರ ಸೊಸೆ, ಎಲ್ಲರೂ ನಡುವೆ. ಸೊಸೆ ಎರಡು ಸಾಲು ಹಿಂದೆ ಬಿದ್ದಳೆನ್ನಿ. ಎಡಗಡೆಯಾಕೆ ಮಾತಾಡುತ್ತಲೇ ತನ್ನ ಪಟ್ಟಿಯ ಗಡಿ ದಾಟಿ ನಾಲ್ಕು ಗುಣಿ ಊರಿಬಿಡುತ್ತಾಳೆ, ಬಲಗಡೆಯಾಕೆ ಮೂರು. ತಲೆ ಎತ್ತಿದಾಗ ಸೊಸೆಯ ಪಟ್ಟಿ ಎಲ್ಲರ ಜೊತೆಗೇ ಇರುತ್ತದೆ. ತುದಿಗೆ ನಿಲ್ಲಿಸಿದ್ದರೆ ಅವಳಿಗೆ ಸಿಗುತ್ತಿದ್ದುದು ಒಂದೇ ಪಕ್ಕದ ಆಸರೆ. ಕಂಪನಿಗಳಲ್ಲಿ ದಿನಗಟ್ಟಲೆ ತರಬೇತಿ ಕೊಟ್ಟು, ಗೋಡೆಗೆ ಚಿತ್ರ ಬರೆದು ಕಲಿಸುವ ಪಾಠ ಇಲ್ಲಿ ನಿಂತ ಜಾಗದಲ್ಲೇ ಅಡಗಿದೆ.

ಇಂಥ ಗುಂಪನ್ನು ಯಾರೂ ಕೂತು ಕಟ್ಟುವುದಿಲ್ಲ. ಒಂದು ಓಣಿಯ ನೆಗೆಣ್ಣಿಯರು, ಅತ್ತೆ ಸೊಸೆ, ಎದುರು ಮನೆಯಾಕೆ, ಆಕೆಯ ತಂಗಿ. 2000ದಿಂದೀಚೆಗೆ ಹಳ್ಳಿಹಳ್ಳಿಗೆ ಬಂದ ಸ್ತ್ರೀಶಕ್ತಿ ಸಂಘಗಳಲ್ಲಿ ವಾರವಾರ ದುಡ್ಡು ಕಟ್ಟುತ್ತ ಒಬ್ಬರ ಮಾತು ಇನ್ನೊಬ್ಬರಿಗೆ ನಂಬಿಕೆಯಾದದ್ದೂ ಇದೆ. ಹನ್ನೆರಡೇ ಯಾಕೆ, ಇಪ್ಪತ್ತು ಯಾಕಿಲ್ಲ ಎಂದರೆ ಯಕ್ಕ ಕೈ ತೋರಿಸುವುದು ಒಡ್ಡಿನ ಆಚೆಗೆ ನಿಂತ ವಾಹನದ ಕಡೆ: ‘ಟಂಟಂನಾಗ ಹಿಡಿಯೂದು ಅಷ್ಟ ನೋಡ್ರಿ.’ ತಂಡದ ಗಾತ್ರ ಎಷ್ಟಿರಬೇಕೆಂದು ಮ್ಯಾನೇಜ್‌ಮೆಂಟಿನ ಪಂಡಿತರು ತಲೆ ಕೆಡಿಸಿಕೊಳ್ಳುವ ಪ್ರಶ್ನೆಗೆ ಇಷ್ಟು ಚೊಕ್ಕ ಉತ್ತರ ನಾನು ಬೇರೆಲ್ಲೂ ಕೇಳಿಲ್ಲ. ಗುಂಪುಗಳು ಒಡೆಯುವುದೂ ಉಂಟು. ತಡವಾಗಿ ಬಂದು ಪೂರ್ತಿ ಪಾಲು ಕೇಳಿದವರು, ಬ್ಯಾರೆ ಕಡೆ ಹೆಚ್ಚಿನ ಕೂಲಿಗೆ ಹೇಳದೆ ಹೋದವರು ಮುಂದಿನ ಹಂಗಾಮಿಗೆ ಇನ್ನೊಂದು ಟಂಟಂ ನೋಡಿಕೊಳ್ಳುತ್ತಾರೆ. ಜಗಳದ ಸದ್ದಿಲ್ಲ, ಬೆಳಿಗ್ಗೆ ಗಾಡಿ ಅವರ ಮನೆಯ ಮುಂದೆ ನಿಲ್ಲುವುದಿಲ್ಲ, ಅಷ್ಟೆ.

ನೆಲ್ಲಿನ ಕೆಲಸ ಈ ಸೀಮೆಗೆ ಹಳೆಯದಲ್ಲ. ಇದು ಜೋಳದ ನಾಡು, ತೊಗರಿಯ ನಾಡು, ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುತ್ತಿದ್ದ ನಾಡು. ಮುಂಬಯಿ, ಪುಣೆ, ಬೆಂಗಳೂರಿನ ಕಟ್ಟಡಗಳಿಗೆ ಯಾದಗಿರಿಯ ಸಂಸಾರಗಳು ಈಗಲೂ ಹೊರಡುತ್ತವೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಆ ಯೋಜನೆಯ ಕೆಳಗಿನ ಅಣೆಕಟ್ಟಾದ ನಾರಾಯಣಪುರದ ಬಸವಸಾಗರ ಎದ್ದದ್ದು 1982ರಲ್ಲಿ. ಅಲ್ಲಿಂದ ಹೊರಟ 78 ಕಿಲೋಮೀಟರಿನ ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳು ಹುಣಸಗಿ, ಸುರಪುರ, ಶಹಾಪುರದ ಎರೆಹೊಲಗಳಿಗೆ ನೀರು ತಂದವು. ಯೋಜನೆ ಹಾಕಿದವರ ಮನಸ್ಸಿನಲ್ಲಿದ್ದದ್ದು ಜೋಳ, ಶೇಂಗಾ, ಹತ್ತಿಯಂಥ ಸ್ವಲ್ಪ ನೀರಿನ ಬೆಳೆ. ನೀರು ಕಂಡ ರೈತ ನೆಲ್ಲು ಹಚ್ಚಿದ. ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಹಾಕಿದವರಿಂದ ನೋಡಿ ಕಲಿತವರೂ ಬಹಳ. ಕಾಲುವೆಯ ತಲೆಯಲ್ಲಿ ಕೆಸರಾಡುವಾಗ ಕೊನೆಯ ಭಾಗದ ಹೊಲಗಳು ಬಾಯಿ ತೆರೆದು ಕಾಯುವ ಸಂಕಟ ಆಗ ಶುರುವಾದದ್ದು ಇಂದಿಗೂ ಮುಗಿದಿಲ್ಲ. ಭೀಮರಾಯನಗುಡಿಯ ಕಚೇರಿಗಳ ಮುಂದೆ ‘ಚಾಲೂ-ಬಂದ್’ ಸರದಿಗಾಗಿ ರೈತರು ಕೂಗುವ ಕೂಗಿನಲ್ಲಿ ಅದು ಇವತ್ತಿಗೂ ಕೇಳುತ್ತದೆ. ಹೆಣ್ಣುಮಕ್ಕಳ ಗುಂಪಿಗೆ ಮಾತ್ರ ಇದರಿಂದ ಒಂದು ಅನುಕೂಲ. ನೀರು ಎಲ್ಲ ಕಡೆ ಒಂದೇ ದಿನ ಬಾರದ್ದರಿಂದ ನಾಟಿಯೂ ಒಂದೇ ವಾರಕ್ಕೆ ಮುಗಿಯುವುದಿಲ್ಲ. ನೀರಿನ ಹಿಂದೆಯೇ ಅವರೂ ಮೇಲಿನಿಂದ ಕೆಳಗಿಳಿಯುತ್ತ ಬರುತ್ತಾರೆ.

ಒಂದು ಗಂಟೆಗೆ ಒಡ್ಡಿನ ಮೇಲೆ ಬುತ್ತಿ ಬಿಚ್ಚಿದರು. ಕಟಕು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಬ್ಬಾಕೆಯ ಗಂಟಿನಲ್ಲಿ ಹಸಿಮೆಣಸಿನಕಾಯಿ ಖಾರ. ಪಲ್ಯ ಯಾರದೆಂಬುದು ಎರಡನೇ ತುತ್ತಿಗೆ ಗೊತ್ತಿರುವುದಿಲ್ಲ. ಬೇವಿನ ಗಿಡದ ನೆರಳಲ್ಲಿ ಸೀರೆಯ ಜೋಲಿಯೊಂದು ತೂಗುತ್ತಿದೆ, ಪಕ್ಕದಲ್ಲಿ ಬೆನ್ನು ಬಾಗಿದ ಮುದುಕಿ. ಆಕೆಗೆ ಈಗ ಕೆಸರಿಗಿಳಿಯಲಾಗದು. ಕೂಸುಗಳನ್ನು ನೋಡಿಕೊಳ್ಳುವುದು, ಕೊಡದಲ್ಲಿ ಕುಡಿಯುವ ನೀರು ತುಂಬಿಡುವುದು, ಹೊತ್ತು ನೋಡಿ ಕೂಗುವುದು ಆಕೆಯ ಕೆಲಸ.

ಜಗಳ ಎದ್ದದ್ದು ಊಟದ ಮೇಲೆ. ಸಾವ್ಕಾರರು ಒಡ್ಡಿನ ಮೇಲೆ ಒಂದು ಸುತ್ತು ಬಂದು ನಿಂತರು. ‘ಯವ್ವಾ, ಇಷ್ಟ ಬಿರಸ ಹಚ್ಚಿದ್ರ ನನಗ ಏನ್ ಉಳೀತದ? ನಡುವ ಎಮ್ಮಿ ಮಲಗ್ತದ ನೋಡು.’ ಯಕ್ಕ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸಾವಕಾಶವಾಗಿ ಎದ್ದಳು. ‘ದಟ್ಟ ಬೇಕಂದ್ರ ದಿನಗೂಲಿ ಕೊಡ್ರಿ ಸಾವ್ಕಾರ್ರ, ಸಂಜಿತನಾ ಕುಂತಕೊಂಡ ಹಚ್ತೀವಿ.’ ಇಬ್ಬರೂ ನಕ್ಕರು, ಇಬ್ಬರಿಗೂ ಸಿಟ್ಟಿತ್ತು. ಬೆಳಗಿನ ಲೆಕ್ಕ ಈಗ ಹೊರತೆಗೆಯಿರಿ. ಚದರ ಮೀಟರಿಗೆ 50ರ ಬದಲು ಮೂವತ್ತು ಚಿಲ್ಲರೆ ಊರಿದರೆ ಅದೇ ಏಳು ತಾಸಿನಲ್ಲಿ ಎಕರೆಯ ಬದಲು ಒಂದೂವರೆ ಎಕರೆ ಮುಗಿಯುತ್ತದೆ. ಎಕರೆ ಲೆಕ್ಕದ ಗುತ್ತಿಗೆಯಲ್ಲಿ ಗುಂಪು ಎಷ್ಟು ಒಗ್ಗಟ್ಟಾಗಿರುತ್ತದೋ ಅಷ್ಟು ಬೇಗ ಮುಗಿಸುತ್ತದೆ, ಅಷ್ಟೇ ತೆಳ್ಳಗೂ ಹಚ್ಚುತ್ತದೆ. ಒಳ್ಳೆಯ ತಂಡ ಎಂದರೆ ಎಲ್ಲರಿಗೂ ಒಳ್ಳೆಯದು ಎಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ಹೊಲದ ಯಜಮಾನನನ್ನು ಕೇಳಿದರೆ ಆತ ಒಪ್ಪಲಿಕ್ಕಿಲ್ಲ. ನನಗೇನೋ ಯಕ್ಕನ ಮಾತೇ ಸರಿ ಕಂಡಿತು: ಬೆಲೆ ಕಟ್ಟಿದ್ದು ಬೇಗ ಮುಗಿಸುವುದಕ್ಕೆ, ಸಿಕ್ಕಿದ್ದೂ ಅದೇ. ಕೊನೆಗೆ ನೀರು ನಿಲ್ಲುವ ತಗ್ಗಿನ ಮಡಿಯಲ್ಲಿ ಒತ್ತಾಗಿ ಹಚ್ಚುವುದೆಂದು ರಾಜಿಯಾಯಿತು.

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಎಂಬಾತ ಜನರ ಕೈಯಲ್ಲಿ ಹಗ್ಗ ಜಗ್ಗಿಸಿ ಅಳೆದು 1913ರಲ್ಲಿ ಬರೆದಿದ್ದ. ಒಬ್ಬನೇ ಜಗ್ಗುವಾಗ ಹಾಕುವ ಬಲವನ್ನು ಗುಂಪಿನಲ್ಲಿ ಯಾರೂ ಪೂರ್ತಿ ಹಾಕುವುದಿಲ್ಲ, ಎಂಟು ಮಂದಿಯಾದರೆ ಒಬ್ಬೊಬ್ಬನ ಪಾಲು ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಆತನ ಲೆಕ್ಕ. ಹಗ್ಗದಲ್ಲಿ ಯಾರ ಬಲ ಎಷ್ಟೆಂದು ಕಾಣುವುದಿಲ್ಲ. ನೆಲ್ಲಿನ ಮಡಿಯಲ್ಲಿ ಹಾಗಲ್ಲ. ಯಾರ ಪಟ್ಟಿ ಎಲ್ಲಿಗೆ ಬಂತು ಎಂಬುದು ಹಸಿರು ಬಣ್ಣದಲ್ಲಿ ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಹಿಂದೆ ಬಿದ್ದಾಕೆಗೆ ನೆರವು ಸಿಗುವುದೂ ಮೈಗಳ್ಳಿಗೆ ಮಾತು ಬೀಳುವುದೂ ಅದೇ ಕಾರಣಕ್ಕೆ.

ಇವರನ್ನೇ ನವೆಂಬರಿನಲ್ಲಿ ಹತ್ತಿ ಹೊಲದಲ್ಲಿ ನೋಡಬೇಕು. ಅದೇ ಟಂಟಂ, ಅದೇ ಬುತ್ತಿ, ಅದೇ ಯಕ್ಕ. ಆದರೆ ಹತ್ತಿ ಬಿಡಿಸುವುದು ಕಿಲೋ ಲೆಕ್ಕಕ್ಕೆ. ಒಬ್ಬೊಬ್ಬರೂ ಉಡಿ ಕಟ್ಟಿಕೊಂಡು ತಮ್ಮ ತಮ್ಮ ಸಾಲು ಹಿಡಿಯುತ್ತಾರೆ. ಕಾಯಿ ಚೆನ್ನಾಗಿ ಒಡೆದ ಸಾಲಿಗೆ ಬೆಳಿಗ್ಗೆಯೇ ತಳ್ಳಾಟ. ಪಕ್ಕದಾಕೆ ಹಿಂದೆ ಬಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಸಂಜೆ ತಕ್ಕಡಿಯ ಮುಂದೆ ನಿಂತಾಗ ಮಾತೂ ಕಡಿಮೆ. ಜನ ಬದಲಾಗಿಲ್ಲ, ನೆಂಟಸ್ತನ ಬದಲಾಗಿಲ್ಲ, ಬದಲಾದದ್ದು ದುಡ್ಡು ಅಳೆಯುವ ಬಗೆ. ಒಗ್ಗಟ್ಟು ಹಳ್ಳಿಯವರ ಹುಟ್ಟುಗುಣ ಎಂದು ಹಾಡಿ ಹೊಗಳುವವರು ಈ ಎರಡು ಹೊಲಗಳನ್ನೂ ನೋಡಿ ಬರಲಿ ಎನಿಸುತ್ತದೆ.

ನಾಟಿಯ ಕೆಲಸ ಇನ್ನೆಷ್ಟು ವರ್ಷ ಇದ್ದೀತೋ. ಕಾಲುವೆಯ ಕೊನೆಯ ಭಾಗದಲ್ಲಿ ನೀರಿಗೆ ಕಾದು ಬೇಸತ್ತವರು ಕೂರಿಗೆಯಲ್ಲಿ ನೇರವಾಗಿ ನೆಲ್ಲು ಬಿತ್ತುತ್ತಿದ್ದಾರೆ. ಅಲ್ಲಿ ಸಸಿಮಡಿಯೂ ಇಲ್ಲ, ಕೆಸರೂ ಇಲ್ಲ, ನಾಟಿಯ ಆಳೂ ಬೇಡ. ಯಕ್ಕನಿಗೆ ಇದು ಗೊತ್ತು. ‘ಬಿತ್ತಿದ್ರೇನಾತು, ಕಸಾ ಯಾರ್ ತಗೀತಾರ?’ ಎನ್ನುತ್ತಾಳೆ. ನೇರ ಬಿತ್ತನೆಯಲ್ಲಿ ಕಳೆಯೇ ದೊಡ್ಡ ಕಾಟ ಎಂಬುದು ನಿಜ, ಅದಕ್ಕೂ ಔಷಧಿ ಬಂದಿದೆ ಎಂಬುದೂ ನಿಜ.

ಐದು ಗಂಟೆಗೆ ಕಾಲುವೆಯಲ್ಲಿ ಕೈಕಾಲು ತೊಳೆದು ಎಲ್ಲರೂ ಟಂಟಂ ಸುತ್ತ ಸೇರಿದರು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಈ ಗುಂಪಿನಲ್ಲಿ ಓದಲು ಬರುವುದು ಸೊಸೆಯೊಬ್ಬಳಿಗೇ. ಆದರೂ ಲೆಕ್ಕ ನಡೆಯುವುದು ಯಕ್ಕನ ಬೆರಳಗೆಣ್ಣುಗಳ ಮೇಲೆ, ಸೊಸೆ ಫೋನಿನಲ್ಲಿ ಗುಣಿಸಿ ತಾಳೆ ನೋಡುತ್ತಾಳಷ್ಟೆ. ಮೊದಲು ಟಂಟಂ ಬಾಡಿಗೆ ತೆಗೆದಿಟ್ಟರು. ಉಳಿದದ್ದಕ್ಕೆ ಹನ್ನೆರಡೂವರೆ ಪಾಲು. ಚುರುಕಿನ ಕೈಯಾಕೆಗೂ ಒಂದು, ನಡುವೆ ನಿಂತ ಸೊಸೆಗೂ ಒಂದು, ಅರ್ಧ ಮುದುಕಿಗೆ. ಯಕ್ಕನಿಗೆ ಹೆಚ್ಚಿಗೆ ಏನೂ ಇಲ್ಲ, ತಿಂಗಳಿಗೊಮ್ಮೆ ಫೋನಿನ ರೀಚಾರ್ಜು ಗುಂಪಿನ ಲೆಕ್ಕಕ್ಕೆ. ಪಾಲಿಗೆ ಸಿಗದೆ ಉಳಿದ ಚಿಲ್ಲರೆ ಚಹಾಕ್ಕೆ.

‘ನಾಳಿ ನಾ ಬರಂಗಿಲ್ಲ ಯಕ್ಕಾ, ಸುರಪುರಕ್ಕ ದವಾಖಾನಿಗಿ ಹೋಗಬೇಕು’ ಎಂದು ಒಬ್ಬಾಕೆ ರಾಗ ತೆಗೆದಳು. ‘ನಿನ್ನ ಜಾಗಕ್ಕ ಯಾರು?’ ಯಕ್ಕನ ಪ್ರಶ್ನೆ ಅಷ್ಟೇ. ಬಾರದವರು ಬದಲಿ ಆಳು ಕಳಿಸಬೇಕು, ಆ ದಿನದ ಪಾಲು ಬದಲಿ ಆಳಿಗೆ. ತಂಗಿಯನ್ನು ಕಳಿಸುತ್ತೇನೆ ಎಂದಳಾಕೆ. ತಂಗಿಗೆ ಸಸಿ ಊರಲು ಬರುತ್ತದೆಯೋ ಎಂದು ಇನ್ಯಾರೋ ಕೇಳಿದರು. ಬರುತ್ತದೆ, ಆದರೆ ಬಾಯಿ ಜಾಸ್ತಿ ಎಂದು ಮತ್ತೊಬ್ಬಾಕೆ. ಹಾಗಾದರೆ ಮುದುಕಿಯ ಮಗಳ ಪಕ್ಕ ನಿಲ್ಲಿಸುವುದು, ಆಕೆಗೆ ಕಿವಿ ಮಂದ ಎಂದು ತೀರ್ಮಾನವಾಗಿ, ಟಂಟಂ ಚಾಲೂ ಆಯಿತು.