ಚಾವಟಿಯ ಹೆಣಿಗೆ

ಎತ್ತಿನ ಗಾಡಿಯವನು ಬಾರುಕೋಲನ್ನು ಗಾಳಿಯಲ್ಲಿ ಬೀಸಿ 'ಛಟೀರ್' ಎನಿಸುವುದನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಬಾರು ಎತ್ತಿನ ಮೈಯನ್ನು ಮುಟ್ಟಿರುವುದಿಲ್ಲ, ನೆಲವನ್ನೂ ಮುಟ್ಟಿರುವುದಿಲ್ಲ. ಆದರೂ ಬಂದೂಕು ಹಾರಿದಂತಹ ಸದ್ದು! ಏನೂ ಏನನ್ನೂ ತಾಕದೆ ಈ ಸದ್ದು ಹುಟ್ಟುವುದಾದರೂ ಹೇಗೆ? ಈ ಪ್ರಶ್ನೆಯ ಉತ್ತರ ಅರ್ಧ ಭೌತವಿಜ್ಞಾನದಲ್ಲಿದೆ. ಇನ್ನರ್ಧ ಚಾವಟಿ ಹೆಣೆಯುವವನ ಕತ್ತಿಯ ಮೊನೆಯಲ್ಲಿದೆ.

ಈ ಕಸಬು ಬಹಳ ನಯವಾಗಿ ಬೆಳೆದ ದೇಶಗಳಲ್ಲಿ ಆಸ್ಟ್ರೇಲಿಯ ಒಂದು. ಅಲ್ಲಿಯ ವಿಶಾಲವಾದ ಹುಲ್ಲುಗಾವಲುಗಳಲ್ಲಿ ಕುದುರೆಯ ಮೇಲೆ ಕುಳಿತು ನೂರಾರು ದನಗಳನ್ನು ಅಟ್ಟಿಕೊಂಡು ಹೋಗುವ ಗೋಪಾಲಕರಿಗೆ ದೂರಕ್ಕೆ ಕೇಳುವ ಸದ್ದೊಂದು ಬೇಕಾಗಿತ್ತು. ಒಳ್ಳೆಯ ಗೋಪಾಲಕನು ದನವನ್ನು ಹೊಡೆಯುವುದಿಲ್ಲ. ಸದ್ದಿನಿಂದಲೇ ಮಂದೆಯನ್ನು ತಿರುಗಿಸುತ್ತಾನೆ. ಅವನ ಚಾವಟಿಗೆ ಸುಮಾರು ಅರ್ಧ ಮೀಟರು ಉದ್ದದ ಬೆತ್ತದ ಹಿಡಿ. ಅದಕ್ಕೆ ಕುಣಿಕೆಯಿಂದ ಸೇರಿಸಿದ ಸುಮಾರು ಎರಡು ಮೀಟರು ಉದ್ದದ ಹೆಣೆದ ಬಾರು. ಬಾರಿನ ಕೊನೆಗೆ ಹೆಣಿಗೆಯಿಲ್ಲದ ಒಂಟಿ ಪಟ್ಟಿ. ಅದರ ತುದಿಗೆ ದಾರದ ಪುಟ್ಟ ಕುಚ್ಚು. ಇಷ್ಟೇ ಅದರ ಅಂಗಗಳು.

ಸದ್ದಿನ ಗುಟ್ಟು

ಕೈಯ ಬೀಸಿನಿಂದ ಬಾರಿನಲ್ಲಿ ಒಂದು ಮಡಿಕೆ ಉಂಟಾಗುತ್ತದೆ. ಆ ಮಡಿಕೆ ಹಿಡಿಯ ಕಡೆಯಿಂದ ತುದಿಯ ಕಡೆಗೆ ಓಡುತ್ತದೆ. ಬಾರು ಮುಂದೆ ಮುಂದೆ ಸಣ್ಣದಾಗುತ್ತ ಹೋಗುವುದರಿಂದ, ಕೈ ಕೊಟ್ಟ ಚಲನಶಕ್ತಿಯನ್ನು ಹೊರುವ ದ್ರವ್ಯರಾಶಿಯೂ ಕಡಮೆಯಾಗುತ್ತ ಹೋಗುತ್ತದೆ. ಚಲನಶಕ್ತಿಯು ದ್ರವ್ಯರಾಶಿಗೂ ವೇಗದ ವರ್ಗಕ್ಕೂ ಅನುಗುಣವಾದುದೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಹಾಗಾದರೆ, ಅದೇ ಶಕ್ತಿ ನೂರರಲ್ಲೊಂದು ಭಾಗ ದ್ರವ್ಯರಾಶಿಗೆ ವರ್ಗಾವಣೆಯಾದರೆ ವೇಗ ಹತ್ತು ಮಡಿಯಾಗಬೇಕಷ್ಟೆ! ಗಾಳಿಯ ತಡೆಯಿಂದಲೂ ತೊಗಲಿನ ಒಳಘರ್ಷಣೆಯಿಂದಲೂ ಸ್ವಲ್ಪ ಶಕ್ತಿ ನಷ್ಟವಾಗುತ್ತದೆ, ನಿಜ. ಆದರೂ ಉಳಿದುದೇ ಸಾಕು.

೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುತ್ತದೆ. ಚಾವಟಿಯ ತುದಿ ಈ ವೇಗವನ್ನು ಮೀರುವುದರಿಂದಲೇ ಸದ್ದು ಹುಟ್ಟುತ್ತದೆಂದು ಜರ್ಮನಿಯ ಓಟ್ಟೊ ಲುಮರ್ ೧೯೦೫ರಲ್ಲಿ ಸೂಚಿಸಿದನು. ೧೯೨೭ರಲ್ಲಿ ಫ್ರಾನ್ಸಿನ ಕಾರಿಯೇರ್ ಎಂಬಾತನು ಛಾಯಾಚಿತ್ರಗಳ ಮೂಲಕ ಆ ಆಘಾತ ತರಂಗವನ್ನು ಕಣ್ಣಿಗೆ ಕಾಣಿಸಿದನು. ಆದರೆ ಒಂದು ತೊಡಕು ಉಳಿಯಿತು. ಸದ್ದು ಹೊರಡುವ ಹೊತ್ತಿಗೆ ತುದಿಯ ವೇಗ ಶಬ್ದವೇಗದ ಸುಮಾರು ಇಮ್ಮಡಿಯಾಗಿರುವುದು ಮುಂದಿನ ಅಳತೆಗಳಲ್ಲಿ ಕಂಡುಬಂತು. ಮೊದಲೇ ಶಬ್ದವೇಗವನ್ನು ದಾಟಿದ ತುದಿ ಅಷ್ಟು ತಡಮಾಡಿ ಸದ್ದು ಮಾಡುವುದೇಕೆ? ೨೦೦೨ರಲ್ಲಿ ಅಮೆರಿಕದ ಅರಿಜೋನ ವಿಶ್ವವಿದ್ಯಾನಿಲಯದಲ್ಲಿ ಅಲೇನ್ ಗೋರಿಯೆಲಿ ಮತ್ತು ಟೈಲರ್ ಮ್ಯಾಕ್‌ಮಿಲನ್ ಗಣಿತದಿಂದ ಇದನ್ನು ಬಿಡಿಸಿದರು: ಸದ್ದಿನ ಮೂಲ ತುದಿಯಲ್ಲ, ಓಡುವ ಮಡಿಕೆ. ಮಡಿಕೆ ಶಬ್ದವೇಗವನ್ನು ಮುಟ್ಟಿದಾಗ, ಅದರಿಂದ ಬಿಚ್ಚಿಕೊಳ್ಳುವ ತುದಿ ಇಮ್ಮಡಿ ವೇಗದಲ್ಲಿರುತ್ತದೆ.

೧೯೪೭ರ ಅಕ್ಟೋಬರಿನಲ್ಲಿ ಸಮತಲ ಹಾರಾಟದಲ್ಲಿ ಮೊದಲ ವಿಮಾನ ಶಬ್ದವೇಗವನ್ನು ಮೀರಿದಾಗ ಜಗತ್ತು ಬೆರಗಾಯಿತು. ತೊಗಲಿನ ಬಾರು ಆ ಕೆಲಸವನ್ನು ಅದಕ್ಕೆ ಬಹಳ ಹಿಂದಿನಿಂದಲೇ ಮಾಡುತ್ತ ಬಂದಿತ್ತು. ಅದಕ್ಕೆ ಬೇಕಾದುದು ಒಂದೇ: ಬುಡದಿಂದ ತುದಿಯವರೆಗೆ ಎಲ್ಲಿಯೂ ತಪ್ಪದ ಸಣ್ಣಗಾಗುವಿಕೆ. ಕಲಿಯುವವನ ಕಷ್ಟವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ತೊಗಲು ಮತ್ತು ಕತ್ತಿ

ಆಸ್ಟ್ರೇಲಿಯದ ನುರಿತ ಕುಶಲಕರ್ಮಿಗಳು ಮೆಚ್ಚುವುದು ಕಾಂಗರೂವಿನ ತೊಗಲನ್ನು. ಹಸುವಿನ ತೊಗಲಿನಲ್ಲಿ ತಂತುಗಳು ನಾನಾ ಕೋನಗಳಲ್ಲಿ ಹೆಣೆದುಕೊಂಡಿರುತ್ತವೆ. ಅದನ್ನು ತೆಳುವಾಗಿ ಸೀಳಿದರೆ ಬಲ ಬಹಳ ಕುಗ್ಗುತ್ತದೆ. ಕಾಂಗರೂ ತೊಗಲಿನ ತಂತುಗಳಾದರೋ ಹೆಚ್ಚಾಗಿ ಮೇಲ್ಮೈಗೆ ಸಮಾಂತರವಾಗಿ ಮಲಗಿರುತ್ತವೆ. ಆದುದರಿಂದ ತೆಳುವಾದರೂ ಅದು ಗಟ್ಟಿ. ಜೋರಾಗಿ ಎಳೆದು ಹೆಣೆಯಬಹುದು.

ತೊಗಲನ್ನು ಉದ್ದುದ್ದವಾಗಿ ಸೀಳಿದರೆ ಎಳೆಗಳು ಗಿಡ್ಡವಾಗುತ್ತವೆ. ಅದಕ್ಕಾಗಿ ಹೊರ ಅಂಚಿನಿಂದ ಒಳಗೆ ಸುರುಳಿಯಾಗಿ ಕತ್ತರಿಸುತ್ತಾರೆ. ೩೦ ಸೆಂಟಿಮೀಟರು ವ್ಯಾಸದ ದುಂಡು ತುಂಡಿನಿಂದ ಅರ್ಧ ಸೆಂಟಿಮೀಟರು ಅಗಲದ ಎಳೆ ಎಷ್ಟು ಉದ್ದ ಬಂದೀತು? ವೃತ್ತದ ಕ್ಷೇತ್ರಫಲವನ್ನು ಎಳೆಯ ಅಗಲದಿಂದ ಭಾಗಿಸಿರಿ: ಸುಮಾರು ೧೪ ಮೀಟರು! ಕತ್ತಿಯನ್ನು ಹಿಡಿದ ಕೈಯ ಹೆಬ್ಬೆರಳ ಉಗುರೇ ಇಲ್ಲಿ ಅಳತೆಗೋಲು. ಅದು ತೊಗಲಿನ ಅಂಚನ್ನು ಸವರುತ್ತ ಬಂದಂತೆ ಎಳೆಯ ಅಗಲ ನಿರ್ಧಾರವಾಗುತ್ತದೆ.

ಆದರೆ ಒಂದೇ ತೊಗಲಿನಲ್ಲಿ ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಆದ್ದರಿಂದ ಎಳೆಯನ್ನು ಮೊದಲು ಅಗಲವಾಗಿಯೇ ಕತ್ತರಿಸಿ, ಚೆನ್ನಾಗಿ ಜಗ್ಗಿ, ಅದರಲ್ಲಿರುವ ಹಿಗ್ಗನ್ನೆಲ್ಲ ತೆಗೆದು, ಆಮೇಲೆ ಎರಡನೆಯ ಸಲ ಸರಿಯಾದ ಅಗಲಕ್ಕೆ ಕತ್ತರಿಸಬೇಕು. ಹೀಗೆ ಕತ್ತರಿಸುವಾಗ ತುದಿಯ ಕಡೆಗೆ ಎಳೆ ಕ್ರಮವಾಗಿ ಕಿರಿದಾಗಬೇಕು. ಕೊನೆಗೆ ಎರಡೂ ಅಂಚುಗಳನ್ನು ಓರೆಯಾಗಿ ಹೆರೆದರೆ ಎಳೆಗಳು ಒಂದರ ಪಕ್ಕ ಒಂದು ನುಣ್ಣಗೆ ಕುಳಿತುಕೊಳ್ಳುತ್ತವೆ. ಹೊಸಬನಿಗೆ ಹೆಣಿಗೆಯೇ ಕಸಬೆಂದು ತೋರುತ್ತದೆ. ಅನುಭವಿಯು ಹೆಣಿಗೆಗಿಂತ ಎಳೆಗೆ ಹೆಚ್ಚು ಗಮನ ಕೊಡುತ್ತಾನೆ.

ಹೆಣಿಗೆ

ಒಳ್ಳೆಯ ಚಾವಟಿಯೊಳಗೆ ಇನ್ನೊಂದು ಚಾವಟಿಯಿದೆ. ನಡುವೆ ಮೊನಚಾದ ತೊಗಲಿನ ತಿರುಳು. ಅದರ ಮೇಲೆ ನಾಲ್ಕೆಳೆಯ ಒಳಹೆಣಿಗೆ. ಅದನ್ನು ಸುತ್ತಿದ ತೆಳುವಾದ ತೊಗಲ ಹೊದಿಕೆ. ಎಲ್ಲಕ್ಕೂ ಮೇಲೆ ಕಣ್ಣಿಗೆ ಕಾಣುವ ಹೊರಹೆಣಿಗೆ. ಹೊರಹೆಣಿಗೆ ೧೨ ಎಳೆಗಳಿಂದ ಆರಂಭವಾದರೆ ಮುಂದೆ ಹತ್ತು, ಎಂಟು, ಆರು, ನಾಲ್ಕು ಎಂದು ಇಳಿಯುತ್ತದೆ. ಬಿಟ್ಟ ಎಳೆಯ ಕೊನೆ ಒಳಗೆ ಸೇರಿ ತಿರುಳಿನ ಭಾಗವಾಗುತ್ತದೆ. ಎಳೆಯ ಅಗಲ ಬದಲಾಗದಿದ್ದರೂ ಹನ್ನೆರಡು ಎಂಟಾದರೆ ಬಾರಿನ ಸುತ್ತಳತೆ ಮೂರರಲ್ಲೆರಡಾಗುತ್ತದೆ. ಈ ಬದಲಾವಣೆ ಒಂದೇ ಕಡೆ ತಟ್ಟನೆ ಆಗದಂತೆ ಹರಡುವುದೇ ಜಾಣತನ.

ಎಳೆಗಳು ಬಾರಿನ ಮೇಲೆ ಓರೆಯಾಗಿ ಸಾಗುತ್ತವೆ. ಓರೆ ೪೫ ಡಿಗ್ರಿಯಾದರೆ ಒಂದು ಮೀಟರು ಹೆಣಿಗೆಗೆ ಸುಮಾರು ೧.೪ ಮೀಟರು ಎಳೆ ಬೇಕು. ಚೌಕದ ಬಾಹುವಿಗೂ ಕರ್ಣಕ್ಕೂ ಇರುವ ಸಂಬಂಧವೇ ಇದು. ಇದನ್ನು ಮರೆತು ಅಳೆದವನ ಎಳೆಗಳು ಚಾವಟಿ ಮುಗಿಯುವ ಮೊದಲೇ ಮುಗಿಯುತ್ತವೆ.

ಕೊಬ್ಬು, ಸಾಬೂನು, ನೀರು ಸೇರಿಸಿ ಕಾಯಿಸಿದ ಲೇಪವನ್ನು ಎಳೆಗಳಿಗೆ ಸವರಿ, ಬಾರಿನ ಬುಡವನ್ನು ಕೊಕ್ಕೆಗೆ ಸಿಕ್ಕಿಸಿ ಕೆಲಸ ಆರಂಭಿಸುತ್ತಾರೆ. ಪ್ರತಿಯೊಂದು ಎಳೆಯನ್ನೂ ಒಂದೇ ಬಿಗಿಯಲ್ಲಿ ಎಳೆಯಬೇಕು. ಹೊಸಬನು ಬೆಳಗ್ಗೆ ಬಿಗಿಯಾಗಿ ಎಳೆಯುತ್ತಾನೆ, ಬೆರಳು ನೊಂದ ಮೇಲೆ ಸಡಿಲವಾಗಿ. ಅತಿಯಾಗಿ ಜಗ್ಗಿ ಎಳೆ ಹರಿದರೆ ಮಾಡಿದುದನ್ನು ಬಿಚ್ಚಬೇಕಾಗುತ್ತದೆ. ಮುಗಿದ ಬಾರನ್ನು ಹಲಗೆಯಡಿ ಹೊರಳಿಸಿ ದುಂಡಗೆ ಮಾಡಬಹುದು. ಆದರೆ ಹೆಣಿಗೆಯಲ್ಲಿ ಉಳಿದ ದೋಷವನ್ನು ಯಾವ ಹಲಗೆಯೂ ತೆಗೆಯಲಾರದು.

ಆ ದೋಷವನ್ನು ಬೀಸು ಹೊರಗೆಡಹುತ್ತದೆ. ಸಡಿಲವಾದ ಜಾಗ ಕೀಲಿನಂತೆ ಮಡಚಿಕೊಳ್ಳುತ್ತದೆ. ತೂಕ ತಟ್ಟನೆ ಬದಲಾಗುವ ಜಾಗದಲ್ಲಿ ಅಲೆಯ ಒಂದು ಭಾಗ ಹಿಂದಕ್ಕೆ ಮರಳುತ್ತದೆ. ಎರಡರಲ್ಲಿಯೂ ಶಕ್ತಿ ತುದಿಗೆ ತಲಪುವುದಿಲ್ಲ. 'ಛಟೀರ್' ಬದಲು 'ಸುಂಯ್' ಎಂಬ ಗಾಳಿಯ ಸದ್ದಷ್ಟೇ ಬರುತ್ತದೆ. ಎರಡು ಮೀಟರು ಬಾರಿನಲ್ಲಿ ಒಂದು ಗೇಣಿನ ಅಜಾಗ್ರತೆ ಉಳಿದ ಶ್ರಮವನ್ನೆಲ್ಲ ಮೂಕವಾಗಿಸಬಲ್ಲದು.

ನೀವೂ ಮಾಡಿ ನೋಡಿ

ತೊಗಲಿಲ್ಲದೆಯೂ ಕಲಿಕೆ ಆರಂಭವಾಗಬಹುದು. ಇಂದು ಅನೇಕರು ನೈಲಾನ್ ಹಗ್ಗದಿಂದಲೇ ತೊಡಗುತ್ತಾರೆ. ನಾಲ್ಕು ದಾರಗಳನ್ನು ಒಂದು ಮೊಳೆಗೆ ಕಟ್ಟಿ ಸಾಲಾಗಿ ಬಿಡಿ. ಬಲದಂಚಿನ ದಾರವನ್ನು ನಡುವಿನ ಎರಡು ದಾರಗಳ ಹಿಂದಿನಿಂದ ಒಯ್ದು, ಎಡದಂಚಿನ ದಾರದ ಪಕ್ಕದಲ್ಲಿ ಮುಂದಕ್ಕೆ ತಂದು, ಒಂದು ದಾರದ ಮೇಲಿಂದ ಬಲಕ್ಕೆ ಮರಳಿಸಿ. ಬಳಿಕ ಎಡದಂಚಿನ ದಾರವನ್ನು ಇದೇ ರೀತಿ ಹಿಂದಿನಿಂದ ಒಯ್ದು ಎಡಕ್ಕೆ ಮರಳಿಸಿ. ಹೀಗೆ ಮುಂದುವರಿಸಿದರೆ ಚಪ್ಪಟೆ ಜಡೆಯ ಬದಲು ದುಂಡಾದ ಹುರಿ ಮೂಡುತ್ತದೆ. ಕಣ್ಣು ಮುಚ್ಚಿ ಅದನ್ನು ಎರಡು ಬೆರಳುಗಳ ನಡುವೆ ಎಳೆದು ನೋಡಿ. ಕಣ್ಣಿಗೆ ಕಾಣದ ಉಬ್ಬುತಗ್ಗುಗಳನ್ನು ಬೆರಳು ಹೇಳುತ್ತದೆ. ಮುಂದೆ ನಿಜವಾದ ಚಾವಟಿಯನ್ನು ಬೀಸುವುದಾದರೆ ಬಯಲಿನಲ್ಲಿ, ಜನರಿಂದ ದೂರದಲ್ಲಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿಯೇ ಬೀಸಬೇಕು.

ಆಸ್ಟ್ರೇಲಿಯದ ಬಯಲುಗಳಲ್ಲಿ ದನಗಳನ್ನು ಒಟ್ಟುಗೂಡಿಸಲು ಈಗ ಮೋಟಾರ್ ಸೈಕಲ್ಲುಗಳೂ ಹೆಲಿಕಾಪ್ಟರುಗಳೂ ಬಂದಿವೆ. ಆದರೂ ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ ಕ್ರೀಡೆಗಳು ಆರಂಭವಾದುದು ಒಂಟಿ ಸವಾರನೊಬ್ಬನ ಚಾವಟಿಯ ಸದ್ದಿನಿಂದ. ಮಡಿಕೆಯ ಗಣಿತ ಎರಡೇ ವರುಷಗಳ ಅನಂತರ ಪ್ರಕಟವಾಯಿತು. ಅದನ್ನು ಅರಿಯದೆಯೇ ಹೆಣೆಯುವವರು ಎಳೆಗಳನ್ನು ಒಂದೊಂದಾಗಿ ಬಿಡುತ್ತ, ಬೆರಳಿನಿಂದ ಅಳೆಯುತ್ತ, ತಪ್ಪಿದುದನ್ನು ಬಿಚ್ಚಿ ಮತ್ತೆ ಹೆಣೆಯುತ್ತ ಅದರ ನಿಯಮವನ್ನು ಪಾಲಿಸುತ್ತ ಬಂದಿದ್ದರು. ಈ ಕೈಯ ತಿಳಿವು ಕಲಿಯುವವನೊಬ್ಬನು ಮುಂದೆ ಕುಳಿತಿರುವವರೆಗೆ ಮಾತ್ರ ಉಳಿದೀತು. ಸಮೀಕರಣವನ್ನು ಪುಸ್ತಕದಲ್ಲಿ ಬರೆದಿಡಬಹುದು. ಹೆಬ್ಬೆರಳ ಉಗುರಿನ ಅಳತೆಯನ್ನು ಇನ್ನೊಂದು ಹೆಬ್ಬೆರಳಿಗೇ ಒಪ್ಪಿಸಬೇಕು.